ಕ್ಯಾಥೊಲಿಕ್ ಚರ್ಚಿನಲ್ಲಿ ಮದುವೆಗೆ ಶುಲ್ಕ ಕೇಳುವುದು ಸರಿಯೇ?

ಸರಿಯಲ್ಲ, ಸಂಸ್ಕಾರಕ್ಕೆ ಬೆಲೆ ಕಟ್ಟುವ ಹಾಗಿಲ್ಲ. ಮದುವೆ, ಜ್ಞಾನಸ್ನಾನದಂಥ ಸಂಸ್ಕಾರಗಳು ದೇವರ ಕೊಡುಗೆ ಅನ್ನುವುದು ಕ್ಯಾಥೊಲಿಕರ ನಂಬಿಕೆ. ಅವು ಪಾದ್ರಿಯ ಸ್ವತ್ತಲ್ಲ, ಹಾಗಾಗಿ ಮಾರಲು ಬರುವುದಿಲ್ಲ. ಪವಿತ್ರಾತ್ಮರ ವರವನ್ನು ದುಡ್ಡು ಕೊಟ್ಟು ಪಡೆಯಲು ಹೊರಟ ಸಿಮೋನ ಎಂಬ ಮಂತ್ರವಾದಿಯನ್ನು ಯೇಸುವಿನ ಶಿಷ್ಯ ಪೇತ್ರ ಗದರಿಸಿದ್ದು ಬೈಬಲಿನಲ್ಲೇ ಇದೆ ಅಲ್ವಾ?

ಹಾಗಾದರೆ ಚರ್ಚ್ ಆಫೀಸಿನಲ್ಲಿ ಕಟ್ಟುವ ದುಡ್ಡು ಯಾವುದು? ಅದು ಕಾಣಿಕೆ. ಅದರ ಮೊತ್ತವನ್ನು ಆಯಾ ಪ್ರಾಂತ್ಯದ ಬಿಷಪರು ಸೇರಿ ಗೊತ್ತುಮಾಡುತ್ತಾರೆ. ಪಾದ್ರಿ ಅದಕ್ಕಿಂತ ಜಾಸ್ತಿ ಕೇಳಬಾರದು, ಬಡತನದಿಂದಾಗಿ ಯಾರಿಗೂ ಸಂಸ್ಕಾರ ತಪ್ಪಬಾರದು ಎಂದು 1983ರ ಧರ್ಮಸಭೆಯ (ಅಂದರೆ ಕ್ಯಾಥೊಲಿಕ್ ಚರ್ಚಿನ) ಕಾನೂನಿನ 848ನೇ ವಿಧಿ ಹೇಳುತ್ತದೆ. ಹೂವಿನ ಅಲಂಕಾರ, ಹಾಡುವವರು, ಹಾಲ್ ಬಾಡಿಗೆ ಬೇರೆ ಲೆಕ್ಕ.

ಚರ್ಚಿಗೂ ಕರೆಂಟ್ ಬಿಲ್ಲು, ಕೆಲಸದವರ ಸಂಬಳ ಇರುತ್ತದೆ, ನಿಜ. ಆದರೂ ಬಾಗಿಲಲ್ಲೇ ದರಪಟ್ಟಿ ಕಂಡರೆ ಬಡವರು ಬಾಯಿಬಿಟ್ಟು ಕೇಳದೆ ವಾಪಸ್ ಹೋಗುತ್ತಾರೆ. ಅದು ನನಗೆ ತುಂಬಾ ನೋವಿನ ಸಂಗತಿ. ಪೋಪ್ ಫ್ರಾನ್ಸಿಸ್ 2014ರ ನವೆಂಬರಿನಲ್ಲಿ ಇಂಥ ದರಪಟ್ಟಿಗಳನ್ನೇ ಖಂಡಿಸಿದ್ದರು. ನಿಮ್ಮ ಕೈಯಲ್ಲಿ ದುಡ್ಡಿಲ್ಲದಿದ್ದರೆ ಸಂಕೋಚಪಡದೆ ಫಾದರ್ ಹತ್ತಿರ ಹೇಳಿ. ಕಾಣಿಕೆ ಕೊಡಲಾಗದ್ದಕ್ಕೆ ಅವರು ಮದುವೆ ನಿರಾಕರಿಸುವಂತಿಲ್ಲ.