ನವಿಲೂ ಶೆಡ್ಯೂಲ್ 1, ಎರೆಭೂತವೂ ಶೆಡ್ಯೂಲ್ 1: ಇದು ಯಾವ ಲೆಕ್ಕ?

ಪ್ರಶ್ನೆ: ನಾನು ಗದಗ ಜಿಲ್ಲೆಯ ರೈತ. ಶೇಂಗಾ ಬಿತ್ತಿದ ಮರುದಿನವೇ ನವಿಲುಗಳು ಬಂದು ಸಾಲು ಕೆದರಿ ಕಾಳು ತಿಂದು ಹೋಗುತ್ತವೆ. ಕೇಳಿದರೆ ‘ಅದು ಶೆಡ್ಯೂಲ್ 1, ಮುಟ್ಟಿದರೆ ಜೈಲು’ ಅನ್ನುತ್ತಾರೆ. ಊರ ತುಂಬ ಇರುವ ನವಿಲು ಅಳಿವಿನಂಚಿನ ಹಕ್ಕಿ ಹೇಗಾಗುತ್ತದೆ? ನಮ್ಮಜ್ಜ ಎರೆ ಹೊಲದಲ್ಲಿ ಎರೆಭೂತ ಅನ್ನುವ ದೊಡ್ಡ ಹಕ್ಕಿ ನೋಡಿದ್ದನಂತೆ. ಅದೂ ಇದೇ ಪಟ್ಟಿಯಲ್ಲಿದೆ, ಆದರೆ ಈಗ ಒಂದೂ ಕಾಣುವುದಿಲ್ಲ. ಈ ಪಟ್ಟಿ ಮಾಡುವವರು ಯಾರು? ಅದರಿಂದ ಉಪಯೋಗವಾದರೂ ಏನು?

ಉತ್ತರ: ನಿಮ್ಮ ಗೊಂದಲಕ್ಕೆ ಕಾರಣವಿದೆ. ನಾವು ‘ಪಟ್ಟಿ’ ಅನ್ನುವುದು ಒಂದಲ್ಲ, ಎರಡು. ಎರಡರ ಕೆಲಸವೂ ಬೇರೆ.

ಒಂದು, ಕೆಂಪು ಪಟ್ಟಿ. ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 1964ರಿಂದ ಇದನ್ನು ಮಾಡುತ್ತಿದೆ. ಒಂದು ಜೀವಿ ಎಷ್ಟು ಉಳಿದಿದೆ, ಎಷ್ಟು ಬೇಗ ಕಡಿಮೆಯಾಗುತ್ತಿದೆ, ಎಷ್ಟು ಜಾಗದಲ್ಲಿ ಬದುಕಿದೆ ಎಂದು ನೋಡಿ ದರ್ಜೆ ಕೊಡುತ್ತಾರೆ. ಮರಿ ಮಾಡುವ ವಯಸ್ಸಿನವು ಇಡೀ ಜಗತ್ತಿನಲ್ಲಿ 50ಕ್ಕಿಂತ ಕಡಿಮೆ ಉಳಿದಿದ್ದರೆ ಅದು ತೀರಾ ಅಪಾಯದ ದರ್ಜೆ. 250ಕ್ಕಿಂತ ಕಡಿಮೆ ಇದ್ದು, ಅವೂ ಕರಗುತ್ತಾ ಹೋಗುತ್ತಿದ್ದರೆ ಅದೂ ಅದೇ ದರ್ಜೆಗೆ ಬರಬಹುದು. ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, 2011ರಿಂದ ಅಲ್ಲಿದೆ. ನವಿಲು ಇರುವುದು ಸದ್ಯಕ್ಕೆ ಚಿಂತೆಯಿಲ್ಲದ ದರ್ಜೆಯಲ್ಲಿ. ಹಾಗಾಗಿ ನಿಮ್ಮ ಮಾತು ಸರಿ. ನವಿಲು ಅಳಿವಿನಂಚಿನ ಹಕ್ಕಿ ಅಲ್ಲವೇ ಅಲ್ಲ.

ಆದರೆ ಕೆಂಪು ಪಟ್ಟಿ ನೋಡಿ ನಮ್ಮ ಕೋರ್ಟು ಯಾರನ್ನೂ ಜೈಲಿಗೆ ಕಳಿಸುವುದಿಲ್ಲ. ಆ ಬಲ ಇರುವುದು ಎರಡನೆಯ ಪಟ್ಟಿಗೆ, ಅಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್‌ಗಳಿಗೆ. ಅವುಗಳನ್ನು ಮಾಡಿದ್ದು ಸಂಸತ್ತು. ಆಮೇಲೆ ಸೇರಿಸುವ, ಬದಲಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಹಿಂದೆ ಆರು ಶೆಡ್ಯೂಲ್ ಇದ್ದವು. 2022ರ ತಿದ್ದುಪಡಿಯ ನಂತರ ನಾಲ್ಕು ಉಳಿದಿವೆ. ಪ್ರಾಣಿಪಕ್ಷಿಗಳಿಗೆ ಮೊದಲಿನ ಎರಡು.

ಶೆಡ್ಯೂಲ್ 1ಕ್ಕೆ ಸೇರಲು ಸಂಖ್ಯೆ ಒಂದೇ ಕಾರಣವಲ್ಲ. ನವಿಲು 1963ರಿಂದ ನಮ್ಮ ರಾಷ್ಟ್ರಪಕ್ಷಿ. ಜೊತೆಗೆ ಅದರ ಗರಿಗೆ ಬೇಡಿಕೆ ಇದೆ. ತಾನಾಗಿ ಉದುರಿದ ಗರಿಯನ್ನು ದೇಶದೊಳಗೆ ಮಾರಲು ಕಾನೂನು ಬಿಟ್ಟಿದೆ. ಕೊಂದು ಕಿತ್ತ ಗರಿಯನ್ನೂ ‘ಉದುರಿದ್ದು’ ಅಂತ ಮಾರುವ ಆಸೆ ಹುಟ್ಟುವುದು ಅಲ್ಲೇ. ನವಿಲನ್ನು ಕೊಂದರೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು, ಮೇಲೆ ಕನಿಷ್ಠ 25,000 ರೂಪಾಯಿ ದಂಡ. ಮೊಟ್ಟೆ ಒಡೆದರೂ ಕಾನೂನಿನ ಕಣ್ಣಿನಲ್ಲಿ ಅದು ಬೇಟೆಯೇ.

ನಿಮ್ಮ ಬೆಳೆಗೆ ಸಂಬಂಧಿಸಿದ ವ್ಯತ್ಯಾಸ ಇಲ್ಲಿದೆ. ಶೆಡ್ಯೂಲ್ 2ರಲ್ಲಿರುವ ಕಾಡುಹಂದಿ ಪೈರು ಹಾಳು ಮಾಡಿದರೆ, ಅದನ್ನು ಕೊಲ್ಲಲು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಅನುಮತಿ ಕೊಡಬಹುದು. ಶೆಡ್ಯೂಲ್ 1ರ ಜೀವಿಗೆ ಬೆಳೆ ನಷ್ಟದ ಕಾರಣ ನಡೆಯುವುದಿಲ್ಲ. ಮನುಷ್ಯರ ಜೀವಕ್ಕೆ ಅಪಾಯ ಬಂದಿರಬೇಕು, ಇಲ್ಲವೇ ಅದು ಗುಣವಾಗದಷ್ಟು ಗಾಯಗೊಂಡಿರಬೇಕು ಅಥವಾ ಕಾಯಿಲೆ ಬಿದ್ದಿರಬೇಕು. ಬಿತ್ತಿದ ಬೀಜ ಕಳೆದುಕೊಂಡವರಿಗೆ ಇದು ಕಠಿಣ ಅನ್ನಿಸುತ್ತದೆ, ನನಗೆ ಗೊತ್ತು. ಆದರೂ ಉರುಲು, ವಿಷ, ಕರೆಂಟ್ ಬೇಲಿಗೆ ಕೈ ಹಾಕಬೇಡಿ. ವಿಷದ ಕಾಳು ತಿನ್ನುವುದು ನವಿಲೊಂದೇ ಅಲ್ಲ. ಮೊಳಕೆ ಬರುವ ತನಕದ ಒಂದೆರಡು ವಾರ ಬೆಳಗ್ಗೆ, ಸಂಜೆ ಕಾವಲಿರುವುದೇ ಸದ್ಯಕ್ಕೆ ದಾರಿ. ನಷ್ಟವಾದಾಗ ಫೋಟೊ ತೆಗೆದು ವಲಯ ಅರಣ್ಯ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ದೂರೇ ಇಲ್ಲದಿದ್ದರೆ ನಷ್ಟ ಸರ್ಕಾರದ ಲೆಕ್ಕಕ್ಕೇ ಬರುವುದಿಲ್ಲ.

ಈಗ ಎರೆಭೂತದ ವಿಷಯ. ನನ್ನನ್ನು ಜಾಸ್ತಿ ಕಾಡುವುದು ಇದೇ. ಪಟ್ಟಿ ಕೋವಿಯನ್ನು ತಡೆಯುತ್ತದೆ. ಟ್ರ್ಯಾಕ್ಟರನ್ನು ತಡೆಯುವುದಿಲ್ಲ, ಕರೆಂಟ್ ತಂತಿಯನ್ನೂ ತಡೆಯುವುದಿಲ್ಲ.

ಈ ಹಕ್ಕಿ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ, ಅದೂ ಬರಿ ನೆಲದ ಮೇಲೆ. ಅದಕ್ಕೆ ಕಾಡು ಬೇಡ, ಹುಲ್ಲಿನ ಬಯಲು ಬೇಕು. ಆದರೆ ಸರ್ಕಾರದ ಕಾಗದದಲ್ಲಿ ಹುಲ್ಲುಗಾವಲು ಎಷ್ಟೋ ಕಾಲ ‘ಪಾಳುಭೂಮಿ’ ಆಗಿತ್ತು. ಉದ್ಧಾರ ಮಾಡುತ್ತೇವೆ ಅಂತ ಅಲ್ಲಿ ಗಿಡ ನೆಟ್ಟರು. ರಾಣೆಬೆನ್ನೂರನ್ನೇ ನೋಡಿ. 1974ರಲ್ಲಿ ಕೃಷ್ಣಮೃಗ ಧಾಮ ಆಯಿತು. ಎರೆಭೂತವೂ ಇದ್ದ ಜಾಗ ಅದು. ಅಲ್ಲಿ ನೀಲಗಿರಿ ತೋಪು ಬೆಳೆಯಿತು, ಎರೆಭೂತ ಮಾಯವಾಯಿತು.

ಮಧ್ಯಪ್ರದೇಶದ ಕರೇರಾದಲ್ಲಿ ಇನ್ನೊಂದು ತಪ್ಪಾಯಿತು. 1981ರಲ್ಲಿ ಈ ಹಕ್ಕಿಗೆಂದೇ ಧಾಮ ಘೋಷಿಸಿದರು. ಅದರೊಳಗೆ ರೈತರ ಸ್ವಂತ ಹೊಲಗಳೂ ಸೇರಿದವು. ಜಮೀನು ಮಾರಲು, ಕೊಳ್ಳಲು ಆಗದಂತಾಯಿತು. ಜನರಿಗೆ ಹಕ್ಕಿಯ ಮೇಲೇ ಸಿಟ್ಟು ಬಂತು. 1990ರ ದಶಕದಲ್ಲಿ ಅಲ್ಲಿ ಹಕ್ಕಿ ಇಲ್ಲವಾಯಿತು.

ಈಗ ದೇಶದ ಬಯಲುಗಳಲ್ಲಿ ಉಳಿದಿರುವ ಎರೆಭೂತಗಳು 150ರೊಳಗೆ. ಹೆಚ್ಚಿನವು ರಾಜಸ್ಥಾನದ ಜೈಸಲ್ಮೇರ್ ಸುತ್ತ. ಅಲ್ಲಿ ಈಗ ಅಡ್ಡ ಬಂದಿರುವುದು ಗಾಳಿ, ಸೋಲಾರ್ ವಿದ್ಯುತ್ತಿನ ತಂತಿಗಳು. ಹಕ್ಕಿಯ ಮೈ ಭಾರ, ಎದುರಿನ ನೋಟ ಮಂದ. ತಂತಿ ಕಂಡಾಗ ತಿರುಗಲು ಸಮಯವೇ ಇರುವುದಿಲ್ಲ. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಸಾಧ್ಯವಿರುವ ಕಡೆ ತಂತಿಗಳನ್ನು ನೆಲದಡಿ ಹಾಕಿ ಎಂದಿತು. 2024ರ ಮಾರ್ಚ್‌ನಲ್ಲಿ ಆ ಆದೇಶ ಸಡಿಲಿಸಿ, ವಿಷಯವನ್ನು ತಜ್ಞರ ಸಮಿತಿಗೆ ಕೊಟ್ಟಿತು. ಶುದ್ಧ ವಿದ್ಯುತ್ತೂ ಬೇಕು, ನಿಜ. ಆದರೆ ತಂತಿ ಎಲ್ಲಿ ಹೋಗಬೇಕು ಎಂಬುದನ್ನು ಕಂಬ ನೆಡುವ ಮೊದಲೇ ಯೋಚಿಸಬೇಕಿತ್ತು.

ಸಮಾಧಾನದ ಸುದ್ದಿಯೂ ಇದೆ. 2019ರಿಂದ ಬಯಲಿನಲ್ಲಿ ಇಟ್ಟ ಮೊಟ್ಟೆ ತಂದು ಜೈಸಲ್ಮೇರ್ ಜಿಲ್ಲೆಯ ಕೇಂದ್ರದಲ್ಲಿ ಮರಿ ಮಾಡಿಸುತ್ತಿದ್ದಾರೆ. 2024ರಲ್ಲಿ ಕೃತಕ ಗರ್ಭಧಾರಣೆಯಿಂದಲೂ ಮರಿ ಹುಟ್ಟಿತು. ಅವನ್ನು ಬಿಡಲು ಬಯಲು ಬೇಕಲ್ವಾ? ಕಷ್ಟ ಇರುವುದು ಅಲ್ಲೇ.

ರೈತರ ಜಮೀನಿನಲ್ಲಿ ಹಕ್ಕಿ ಉಳಿಸಲು ಕಾನೂನಿನಲ್ಲಿ ಒಂದು ಒಳ್ಳೆಯ ದಾರಿ ಇದೆ. 2002ರ ತಿದ್ದುಪಡಿಯಲ್ಲಿ ಬಂದ ‘ಸಮುದಾಯ ಮೀಸಲು’ ಅದು. ಜನರ ಒಪ್ಪಿಗೆಯಿಂದ, ಅವರ ಜಮೀನಿನಲ್ಲೇ ಮಾಡುವಂಥದ್ದು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು ಹೀಗೆ ಮೀಸಲಾದ ಊರು. ಹೆಜ್ಜಾರ್ಲೆಗಳು (ಪೆಲಿಕನ್ ಹಕ್ಕಿಗಳು) ಗೂಡು ಕಟ್ಟುವ ಹುಣಸೆ ಮರಗಳ ಮಾಲೀಕರಿಗೆ ಅಲ್ಲಿ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಕರೇರಾದಲ್ಲಿ ಮಾಡದೆ ಹೋದದ್ದು ಇದನ್ನೇ.

ಇನ್ನೊಂದು ಮಾತು. ನಮ್ಮ ರಾಜ್ಯದಲ್ಲಿ ಎರೆಭೂತಕ್ಕೆ ಉಳಿದಿರುವ ಆಸರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆ ಹೊಲಗಳು. ನಿಮ್ಮ ಕಡೆಯೂ ಎರೆ ಭೂಮಿಯೇ. ಸುಮಾರು ಒಂದು ಮೀಟರ್ ಎತ್ತರ, ಕಂದು ಬೆನ್ನು, ಬೆಳ್ಳನೆಯ ಕತ್ತು, ತಲೆಯ ಮೇಲೆ ಕಪ್ಪು ಟೊಪ್ಪಿಗೆ: ಇಂಥ ಹಕ್ಕಿ ಎಂದಾದರೂ ಕಂಡರೆ ದೂರವೇ ನಿಲ್ಲಿ. ಅದು ಓಡಾಡುವ ಕಡೆ ಆ ದಿನ ಟ್ರ್ಯಾಕ್ಟರ್ ಬಿಡಬೇಡಿ. ಜಾಗದ ಹೆಸರನ್ನು ವಾಟ್ಸ್ಆ್ಯಪ್‌ನಲ್ಲಿ ಹಾಕದೆ ನೇರವಾಗಿ ಅರಣ್ಯ ಕಚೇರಿಗೆ ತಿಳಿಸಿ. ನಿಮ್ಮಜ್ಜ ಅದನ್ನು ಯಾವ ಹೊಲದಲ್ಲಿ, ಯಾವ ತಿಂಗಳಲ್ಲಿ ನೋಡಿದ್ದರು ಎಂದು ಮನೆಯ ಹಿರಿಯರಿಗೆ ನೆನಪಿದ್ದರೆ ಅದನ್ನೂ ಬರೆದಿಡಿ. ನಮಗೂ ಕಳಿಸಿ.