ಹೆಲ್ಮೆಟ್ ವೈಸರ್ ಮ್ಯಾಲಿನ ಧೂಳಿಗೆ ಒಣ ಅರಬಿ ಹಚ್ಚಬ್ಯಾಡ್ರಿ

ಅಣ್ಣಾರ, ದಿನಾ ಹುಬ್ಬಳ್ಳಿ-ಧಾರವಾಡ ಓಡಾಡಿ ಹೆಲ್ಮೆಟ್ಟಿನ ವೈಸರ್ (ಮಾರಿ ಮುಂದಿನ ಪಾರದರ್ಶಕ ಪರದೆ) ಮಬ್ಬಾಗೇತಿ, ಒಳಗಿನ ಪ್ಯಾಡ್ ನಾರಾಕತ್ತೇತಿ, ಪೆಟ್ರೋಲ್ ಹಚ್ಚಿ ಒರಸಲೇನು ಅಂತ ಕೇಳೀರಿ. ಪೆಟ್ರೋಲ್, ಥಿನ್ನರ್ ಮುಟ್ಟಿಸಲೇಬ್ಯಾಡ್ರಿ. ವೈಸರ್ ಪಾಲಿಕಾರ್ಬೊನೇಟ್ ಅನ್ನೋ ಪ್ಲಾಸ್ಟಿಕ್ಕಿಂದು, ಸಣ್ಣ ಸಣ್ಣ ಬಿರುಕು ಬಿಡತೇತಿ. ಒಳಗಿನ ಥರ್ಮಾಕೋಲ್ ಅಂತೂ ಕರಗೇ ಹೋಗತೇತಿ. ಬಿದ್ದಾಗ ತಲಿಗೆ ಬರೋ ಪೆಟ್ಟು ತಡಿಯೋದು ಅದೇರಿ.

ಉಗುರುಬೆಚ್ಚಗಿನ ನೀರಾಗ ತೊಯ್ಸಿದ ಮೆತ್ತನ ಅರಬಿ ವೈಸರ್ ಮ್ಯಾಲೆ 10-15 ನಿಮಿಷ ಹೊಚ್ಚಿಡ್ರಿ. ಧೂಳಿನ್ಯಾಗ ಉಸುಕಿನ ಕಣ ಇರತಾವು, ಒಣಗಿದ್ದಾಗ ತಿಕ್ಕಿದ್ರ ಗೀರು ಬೀಳತಾವು, ರಾತ್ರಿ ಎದುರಿನ ಲೈಟು ಚದುರಿ ದಾರಿನ ಕಾಣಂಗಿಲ್ಲ. ನೆನೆದ ಮ್ಯಾಲೆ ಎರಡು ಹನಿ ಬೇಬಿ ಶಾಂಪೂ, ಮೈಕ್ರೋಫೈಬರ್ ಅರಬಿ ಸಾಕು. ಪ್ಯಾಡ್ ಬಿಚ್ಚಿ ಅದೇ ಶಾಂಪೂ ನೀರಾಗ ಮೆತ್ತಗ ಅದುಮಿ ತೊಳದು, ತಿರುವಿ ಹಿಂಡದಂಗ ನೆರಳಾಗ ಒಣಗಸ್ರಿ. ಗೀರು ಬಿದ್ದಿದ್ರ ಟೂತ್‌ಪೇಸ್ಟ್ ತಿಕ್ಕಬ್ಯಾಡ್ರಿ, ವೈಸರ್ ಅಷ್ಟ ಬದಲಸ್ರಿ.