ಜೈಲಿನ ನಾಟಕದಿಂದ ಏನಾಯಿತು ಅಂತ ಅಳೆಯುವುದು ಹೇಗೆ?

ಜೈಲಿನ ನಾಟಕ ತಂಡದ ಮೇಲೆ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಪ್ರಬಂಧ ಬರೆಯಬೇಕು, ಕೈದಿಗಳು ಬದಲಾದರು ಅಂತ ತೋರಿಸುವುದು ಹೇಗೆ ಎಂದು ಕೇಳಿದ್ದೀರಿ. ನಾನೂ ಇದೇ ವಿಷಯದ ಮೇಲೆ ಬರೆದವಳು. ಬದಲಾದರು ಅಂತ ಮೊದಲೇ ತೀರ್ಮಾನಿಸಿಕೊಂಡು ಮಾತ್ರ ಹೋಗಬೇಡಿ.

ಜೈಲಿನ ಕಲಾ ತರಗತಿಗಳ ಬಗ್ಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದ ಅಧ್ಯಯನ ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ. 1977ರಲ್ಲಿ ಕಲಾವಿದೆ ಎಲೋಯಿಸ್ ಸ್ಮಿತ್ ಅಲ್ಲಿನ ವ್ಯಾಕವಿಲ್ ಜೈಲಿನಲ್ಲಿ ಕಲಾ ತರಗತಿ ಶುರು ಮಾಡಿದರು. ಆಮೇಲೆ ಅದು ರಾಜ್ಯದ ಬೇರೆ ಜೈಲುಗಳಿಗೂ ಹೋಯಿತು. ಬಿಡುಗಡೆಯಾಗಿ ಒಂದು ವರ್ಷದ ನಂತರ ನೋಡಿದಾಗ, ತರಗತಿಗೆ ಬಂದವರಲ್ಲಿ ನೂರಕ್ಕೆ ಸುಮಾರು 74 ಮಂದಿ ಸರಿದಾರಿಯಲ್ಲಿದ್ದರು. ಒಟ್ಟು ಬಿಡುಗಡೆಯಾದವರನ್ನು ತೆಗೆದುಕೊಂಡರೆ ಅದು ಸುಮಾರು 50. ಕೇಳಲು ತುಂಬಾ ಖುಷಿಯಾಗುತ್ತದೆ. ಆದರೆ ತರಗತಿಗೆ ಬಂದವರು ಯಾರು? ಮೊದಲೇ ಕಲಿಯುವ ಮನಸ್ಸಿದ್ದವರು, ಗಲಾಟೆಗೆ ಹೋಗದವರೇ ಜಾಸ್ತಿ ಇದ್ದಿರಬಹುದು ಅಲ್ವಾ? ಹಾಗಿದ್ದರೆ ಆ ಅಂತರದಲ್ಲಿ ಕಲೆಯ ಪಾಲೆಷ್ಟು ಅಂತ ಹೇಳಲಾಗದು. ಅದಕ್ಕೇ ಹೇಳುವುದು, ಸೇರಲು ಹೆಸರು ಕೊಟ್ಟು ಜಾಗ ಸಿಗದೆ ಕಾಯುತ್ತಿರುವವರನ್ನು ಹೋಲಿಕೆಗೆ ಇಟ್ಟುಕೊಳ್ಳಿ. ಮನಸ್ಸು ಅವರಿಗೂ ಇರುತ್ತದೆ, ನಾಟಕವೊಂದು ಇರುವುದಿಲ್ಲ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಭಾರತದ ಜೈಲುಗಳಲ್ಲಿ ನಾಲ್ವರಲ್ಲಿ ಹೆಚ್ಚುಕಡಿಮೆ ಮೂವರು ವಿಚಾರಣಾಧೀನ ಕೈದಿಗಳು. ತಪ್ಪು ಮಾಡಿದ್ದಾರೆ ಅಂತ ಇನ್ನೂ ಸಾಬೀತೇ ಆಗಿಲ್ಲ. ಅವರು 'ಸುಧಾರಿಸಿದರು' ಅಂತ ಬರೆಯುವುದು ಅನ್ಯಾಯ. ಜಾಮೀನು ಸಿಕ್ಕಿದ ದಿನ ತಾಲೀಮಿನ ಮಧ್ಯೆಯೇ ಹೊರಟುಬಿಡುತ್ತಾರೆ, ನಿಮ್ಮ ಲೆಕ್ಕವೂ ಅವರ ಜೊತೆ ಹೋಗುತ್ತದೆ. ಮೈಸೂರಿನ ರಂಗಾಯಣ ನಾಟಕ ಸಂಸ್ಥೆಯಲ್ಲಿ ಕಲಾವಿದರಾಗಿದ್ದ ಹುಲುಗಪ್ಪ ಕಟ್ಟೀಮನಿಯವರು ವರ್ಷಗಟ್ಟಲೆ ಕೈದಿಗಳಿಂದ ನಾಟಕ ಆಡಿಸಿದ್ದಾರೆ. ಅಂಥ ತಂಡ ಸಿಕ್ಕಿದರೆ ಸಜಾ ಆದವರನ್ನೂ ವಿಚಾರಣಾಧೀನರನ್ನೂ ಬೇರೆಬೇರೆಯಾಗಿ ನೋಡಿ.

ಮಾತಾಡಿಸುವಾಗ ವಾರ್ಡರ್ ಪಕ್ಕದಲ್ಲಿ ಇರದಂತೆ ಅನುಮತಿ ಕೇಳಿ. ನನಗೆ ಅದು ಸಿಗಲಿಲ್ಲ. ನಾಟಕದಿಂದ ಒಳ್ಳೆಯದಾಯಿತಾ ಅಂದರೆ ಎಲ್ಲರದೂ "ಹೌದು ಮೇಡಂ". ಒಂದು ಉತ್ತರವೂ ಉಪಯೋಗಕ್ಕೆ ಬರಲಿಲ್ಲ. ಕೊನೆಗೆ ಸುಮ್ನೆ ತಾಲೀಮಿನಲ್ಲಿ ಕೂತು ನೋಡತೊಡಗಿದೆ. ಓದು ಬಾರದ ಒಬ್ಬರಿಗೆ ಬ್ಯಾರಕ್ಕಿನ ಹುಡುಗನೊಬ್ಬ ಮಾತುಗಳನ್ನು ಓದಿ ಹೇಳಿಕೊಡುತ್ತಿದ್ದ. ಕೆಲವು ವಾರ ಕಳೆದ ಮೇಲೆ ಅವರು ಅಕ್ಷರ ಕೂಡಿಸಿ ತಾವೇ ಓದುತ್ತಿದ್ದರು. ಅಂಥದ್ದನ್ನು ದಿನಾಂಕ ಹಾಕಿ ಬರೆದಿಡಿ. ಮನೆಯವರ ಭೇಟಿ ಎಷ್ಟು, ಜಗಳಕ್ಕೆ ಶಿಕ್ಷೆ ಎಷ್ಟು ಸಲ ಆಯಿತು ಅಂತಲೂ ನೋಡಿ. ನಾಟಕ ಶುರುವಾಗುವ ಮೊದಲಿನ ಆರು ತಿಂಗಳ ಲೆಕ್ಕವನ್ನೂ ಈಗಲೇ ಕೇಳಿಟ್ಟುಕೊಳ್ಳಿ.